ಸ್ವರದ ತಲೆಯ ಮೇಲಿನ ಚುಕ್ಕೆಗಳು

ಭೌತಶಾಸ್ತ್ರದ ಇಂಗ್ಲಿಷ್ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳಿಗೆ ‘ಬ್ರೆಮ್‌ಸ್ಟ್ರಾಲುಂಗ್’ ಎಂಬ ಉದ್ದನೆಯ ಪದವೊಂದು ಎದುರಾಗುವುದುಂಟು. ವೇಗವಾಗಿ ಬಂದ ಎಲೆಕ್ಟ್ರಾನು ಪರಮಾಣುವಿನ ನ್ಯೂಕ್ಲಿಯಸ್ಸಿನ ಬಳಿ ತಡೆಯಲ್ಪಟ್ಟಾಗ ಹೊಮ್ಮುವ ವಿಕಿರಣಕ್ಕೆ ಈ ಹೆಸರು. ಜರ್ಮನ್ ಭಾಷೆಯಲ್ಲಿ ಇದು ಕೇವಲ ‘ತಡೆಯ ವಿಕಿರಣ’. ಇಂಗ್ಲಿಷಿಗೆ ಬಂದೊಡನೆ ಅದಕ್ಕೊಂದು ಗಾಂಭೀರ್ಯ ಬಂದಿತು! ‘ಐಗನ್‌ವ್ಯಾಲ್ಯೂ’ ಎಂಬುದರಲ್ಲಿ ಪದದ ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. ನಿಕ್ಕಲಿನ ಕಥೆ ಇನ್ನೂ ಸ್ವಾರಸ್ಯವಾದುದು. ತಾಮ್ರದ ಅದಿರಿನಂತೆ ಕಂಡರೂ ತಾಮ್ರವನ್ನು ಕೊಡದ ಕಲ್ಲನ್ನು ಜರ್ಮನ್ ಗಣಿಗಾರರು ‘ಕುಪ್ಫರ್‌ನಿಕೆಲ್’, ಅಂದರೆ ತಾಮ್ರದ ಪಿಶಾಚಿ, ಎಂದು ಬೈಯುತ್ತಿದ್ದರು. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1751ರಲ್ಲಿ ಬೇರ್ಪಡಿಸಿದ ಹೊಸ ಲೋಹಕ್ಕೆ ಆ ಬೈಗುಳದ ಕೊನೆಯ ತುಂಡೇ ಹೆಸರಾಯಿತು.

ಪದಗಳೇನೋ ಹೀಗೆ ಸುಲಭವಾಗಿ ವಲಸೆ ಬಂದವು. ಆದರೆ ರಾಂಟ್‌ಜನ್, ಶ್ರೋಡಿಂಗರ್ ಮೊದಲಾದ ಹೆಸರುಗಳಲ್ಲಿ ರೋಮನ್ ಲಿಪಿಯ ‘ಓ’ ಅಕ್ಷರದ ಮೇಲೆ ಎರಡು ಚುಕ್ಕೆಗಳಿರುವುದನ್ನು ನಾವು ನೋಡುತ್ತೇವಷ್ಟೆ. ಇವು ಏನು? ಇವನ್ನು ಅಲಂಕಾರವೆಂದು ಭಾವಿಸುವವರುಂಟು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಮೋಟರ್‌ಹೆಡ್’ ಎಂಬ ವಾದ್ಯತಂಡವು ಬರಿಯ ಭಯಂಕರತೆಗಾಗಿಯೇ ತನ್ನ ಹೆಸರಿನಲ್ಲಿ ಅವನ್ನು ಏರಿಸಿಕೊಂಡಿತು.

ಹಿಂದೆ ಜರ್ಮನರು ಇಂತಹ ಸ್ವರಾಕ್ಷರದ ಮೇಲೆ ಪುಟ್ಟದೊಂದು ‘ಇ’ ಅಕ್ಷರವನ್ನು ಬರೆಯುತ್ತಿದ್ದರು. ಅವರ ಹಳೆಯ ಕೈಬರಹದಲ್ಲಿ ಆ ಅಕ್ಷರವು ಎರಡು ನಿಲುಗೆರೆಗಳಂತೆ ಕಾಣುತ್ತಿತ್ತು. ಗೆರೆಗಳು ಸವೆದು ಚುಕ್ಕೆಗಳಾದವು. ಆದುದರಿಂದ ಚುಕ್ಕೆಗಳ ಬದಲು ಪಕ್ಕದಲ್ಲಿ ‘ಇ’ ಸೇರಿಸಿ ರಾಂಟ್‌ಜನ್ನರ ಹೆಸರನ್ನು ಬರೆಯುವುದು ತಪ್ಪಲ್ಲ.

ಈ ಗುರುತು ಸೂಚಿಸುವ ಧ್ವನಿಯನ್ನು ವಾಚಕರು ಈಗಲೇ ಪ್ರಯೋಗಿಸಿ ನೋಡಬಹುದು. ನಾಲಿಗೆಯನ್ನು ‘ಏ’ ಎನ್ನುವ ಸ್ಥಾನದಲ್ಲಿಯೇ ನಿಲ್ಲಿಸಿ, ತುಟಿಗಳನ್ನು ಮಾತ್ರ ‘ಓ’ ಎನ್ನುವಂತೆ ದುಂಡಗೆ ಮಾಡಿರಿ. ಹೊರಡುವ ಸ್ವರವು ‘ಏ’ಯೂ ಅಲ್ಲ, ‘ಓ’ವೂ ಅಲ್ಲ. ನಾಲಿಗೆ ಕದಲದೆ ಸ್ವರವೇಕೆ ಬದಲಾಯಿತು? ಗಂಟಲಿನಿಂದ ತುಟಿಯವರೆಗಿನ ಮಾರ್ಗವು ಸುಮಾರು 17 ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ನಳಿಗೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದುಕೊಂಡರೆ, ಸಮನಾದ ಅಗಲದ ಇಂತಹ ನಳಿಗೆಯ ಮೊದಲ ಅನುನಾದವು ಸೆಕೆಂಡಿಗೆ 500 ಕಂಪನಗಳ ಬಳಿ ಬೀಳುತ್ತದೆ. ನಾಲಿಗೆಯ ಏರಿಳಿತದಿಂದ ಈ ಅನುನಾದಗಳು ಸ್ಥಾನ ಬದಲಿಸುತ್ತವೆ. ತುಟಿ ದುಂಡಗಾದರೆ ನಳಿಗೆ ತುಸು ಉದ್ದವಾಗಿ, ಬಾಯಿ ಕಿರಿದಾಗಿ, ಅವೆಲ್ಲವೂ ಕೆಳಗಿಳಿಯುತ್ತವೆ. ನಮ್ಮ ಕಿವಿ ಗುರುತಿಸುವುದು ಈ ಇಳಿತವನ್ನೇ.

ಪ್ರಾಚೀನ ಜರ್ಮಾನಿಕ್ ಭಾಷೆಗಳಲ್ಲಿ ಮುಂದಿನ ಅಕ್ಷರದಲ್ಲಿ ಇಕಾರವೋ ಯಕಾರವೋ ಬರುವುದಿದ್ದರೆ ನಾಲಿಗೆಯು ಅದಕ್ಕೆ ಸಿದ್ಧವಾಗುತ್ತ ಹಿಂದಿನ ಸ್ವರದಲ್ಲಿಯೇ ಮುಂದಕ್ಕೆ ಸರಿಯುತ್ತಿತ್ತು. ಈ ಮಾರ್ಪಾಟಿಗೆ ‘ಉಮ್ಲೌಟ್’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಯಾಕೋಬ್ ಗ್ರಿಮ್ ಪ್ರಮುಖರು. ಮಕ್ಕಳ ಕಥೆಗಳ ಗ್ರಿಮ್ ಸೋದರರಲ್ಲಿ ಹಿರಿಯರು ಅವರೇ. ಇಂಗ್ಲಿಷೂ ಇದಕ್ಕೆ ಹೊರತಲ್ಲ. ‘ಫುಟ್’ ಬಹುವಚನದಲ್ಲಿ ‘ಫೀಟ್’ ಆಗುವುದೂ, ‘ಮೌಸ್’ ‘ಮೈಸ್’ ಆಗುವುದೂ ಇದೇ ಕಾರಣದಿಂದ. ಆದರೆ ಇಂಗ್ಲಿಷರು ಕಾಲಕ್ರಮದಲ್ಲಿ ತುಟಿಯ ದುಂಡುತನವನ್ನು ಕೈಬಿಟ್ಟರು. ಅವರಿಗೆ ಚುಕ್ಕೆಗಳ ಅಗತ್ಯವೇ ಉಳಿಯಲಿಲ್ಲ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗರ ಹೆಸರಿನಲ್ಲಿಯೂ ಇದೇ ಸ್ವರವಿದೆ. ಇಂಗ್ಲಿಷಿನಲ್ಲಿ ಚುಕ್ಕೆಯನ್ನು ಬಿಟ್ಟವರು ಪಕ್ಕದಲ್ಲಿ ‘ಇ’ಯನ್ನಾದರೂ ಇಡಬಲ್ಲರು. ನಮ್ಮ ವರ್ಣಮಾಲೆಯಲ್ಲಿ ಈ ಸ್ವರಕ್ಕೆ ಅಕ್ಷರವಿಲ್ಲ. ನಾವು ಓಕಾರವನ್ನೇ ಬರೆಯುತ್ತೇವೆ.