ಹಸಿರುಮನೆಯ ತಳಿಗಳು ಮತ್ತು ಕೀಟಬಾಧೆ: ಬೀಜ ವ್ಯಾಪಾರಿ ಅರಿತಿರಬೇಕಾದ ವ್ಯತ್ಯಾಸ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪಾಲಿಹೌಸ್‌ಗಳಲ್ಲಿ ಬೆಳೆಯುವ ತರಕಾರಿಗಳಲ್ಲಿ ದೊಣ್ಣೆಮೆಣಸಿನಕಾಯಿ ಪ್ರಮುಖವಾದುದು. ಹಸಿರಿನ ಇಂದ್ರ, ಕೆಂಪಿನ ಬಾಂಬಿ, ಹಳದಿಯ ಓರೋಬೆಲ್ ಎಂಬ ಸಂಕರಣ ತಳಿಗಳು ನಮ್ಮ ಬೀಜ ವ್ಯಾಪಾರಿಗಳಿಗೆ ಚಿರಪರಿಚಿತ. ಸಾಲ ಮಾಡಿ ಪಾಲಿಹೌಸ್ ಕಟ್ಟಿದ ಬೆಳೆಗಾರನು ಅಂಗಡಿಗೆ ಬಂದು, “ಯಾವ ತಳಿಗೆ ಹುಳದ ಕಾಟ ಕಡಿಮೆ?” ಎಂದು ಕೇಳುವುದು ಸಹಜವೇ. ಆದರೆ ಪೊಟ್ಟಣದ ಮೇಲೆ ನಮೂದಾಗಿರುವ ನಿರೋಧಕ ಶಕ್ತಿಯು ಬಹುಮಟ್ಟಿಗೆ ರೋಗಕ್ಕೆ ಸಂಬಂಧಿಸಿದ್ದೇ ಹೊರತು ಕೀಟಕ್ಕಲ್ಲ.

ಬಯಲಿನ ಟೊಮೇಟೊ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ ತಳಿಗಳೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯೂ ಎಲೆಮುಟುರು ನಂಜುರೋಗವನ್ನು ತಡೆದುಕೊಳ್ಳುತ್ತವೆ. ಆದರೂ ಆ ನಂಜನ್ನು ಹೊತ್ತು ತರುವ ಬಿಳಿನೊಣವು ಇವುಗಳ ರಸವನ್ನೂ ಹೀರುತ್ತದೆ. 2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಟೂಟಾ ಎಂಬ ಎಲೆಸುರಂಗ ಹುಳುವಿಗಂತೂ ಈ ನಿರೋಧಕ ಶಕ್ತಿಯ ಲೆಕ್ಕವೇ ಇಲ್ಲ.

ದೊಣ್ಣೆಮೆಣಸಿನಕಾಯಿಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ವಿದೇಶಿ ಬೀಜಪಟ್ಟಿಗಳಲ್ಲಿ ಕೆಲವು ತಳಿಗಳ ಮುಂದೆ, ಥ್ರಿಪ್ಸ್ ಕೀಟ ಹರಡುವ ‘ಸ್ಪಾಟೆಡ್ ವಿಲ್ಟ್’ ನಂಜಿಗೆ ನಿರೋಧಕ ಎಂದಿರುತ್ತದೆ. ನಮ್ಮ ದೇಶದಲ್ಲಿಯೂ ಇರುವ, ಅದೇ ಕುಲದ ‘ಕ್ಯಾಪ್ಸಿಕಂ ಕ್ಲೋರೋಸಿಸ್’ ನಂಜು ಆ ರಕ್ಷಣೆಗೆ ಮಣಿಯುವುದಿಲ್ಲ. ಹೆಚ್ಚಿನ ಬೆಲೆ ತೆತ್ತವನಿಗೆ ಈ ಮಾತನ್ನು ಮೊದಲೇ ತಿಳಿಸುವುದು ವ್ಯಾಪಾರಧರ್ಮ.

ಬಣ್ಣವೂ ಗಣನೀಯ. ಹಸಿರು ಕಾಯಿಯನ್ನು ಬಲಿತೊಡನೆ ಕೊಯ್ಯಬಹುದು. ಕೆಂಪು, ಹಳದಿ ಕಾಯಿಗಳು ಬಣ್ಣ ತಿರುಗುವವರೆಗೆ ಇನ್ನೂ ಕೆಲವು ವಾರ ಗಿಡದಲ್ಲಿಯೇ ಇರಬೇಕು. ಅಷ್ಟು ದಿನವೂ ಕಾಯಿಕೊರಕದ ಭಯ, ಸಿಂಪರಣೆಯ ಖರ್ಚು. ಥ್ರಿಪ್ಸ್ ಮತ್ತು ನುಸಿ ಎಳೆಗಾಯಿಯನ್ನು ಕೆರೆದ ಕಲೆಯು ಕಾಯಿಯೊಡನೆಯೇ ಬೆಳೆಯುತ್ತದೆ. ನೋಟಕ್ಕೇ ಬೆಲೆ ಕಟ್ಟುವ ಬಣ್ಣದ ಕಾಯಿಯು ಆಗ ಎರಡನೆಯ ದರ್ಜೆಗೆ ಇಳಿಯುತ್ತದೆ.

ಬಲೆ ತಯಾರಕರಿಗೂ ಒಂದು ಮಾತು. ಸಾಮಾನ್ಯವಾಗಿ ಬಳಸುವ 40 ಮೆಶ್ ಬಲೆಯಲ್ಲಿ ಥ್ರಿಪ್ಸ್ ಸಲೀಸಾಗಿ ನುಸುಳುತ್ತದೆ. ಬಲೆಯನ್ನು ಇನ್ನೂ ಸಣ್ಣದಾಗಿ ಹೆಣೆದರೆ ಗಾಳಿಯಾಟ ಕುಗ್ಗಿ ಒಳಗಿನ ಬಿಸಿ ಏರುತ್ತದೆ.

ಆದುದರಿಂದ ಹೊಸ ತಳಿಯನ್ನು ಇಡೀ ಮನೆಗೆ ಮಾರುವ ಬದಲು, ಹಳೆಯ ತಳಿಯ ಪಕ್ಕದಲ್ಲಿ ಎರಡು ಸಾಲು ನೆಡಿಸಿ ನೋಡುವುದು ಲೇಸು. ವಾರಕ್ಕೊಮ್ಮೆ ಎರಡೂ ತಳಿಯ ಕುಡಿಗಳನ್ನು ಬಿಳಿಯ ಕಾಗದದ ಮೇಲೆ ಕೊಡವಿ, ಉದುರಿದ ಥ್ರಿಪ್ಸ್ ಎಣಿಸಿ ಬರೆದಿಟ್ಟುಕೊಂಡರೆ, ಮುಂದಿನ ಹಂಗಾಮಿನ ಗಿರಾಕಿಗೆ ತೋರಿಸಲು ತಮ್ಮ ಬಳಿಯೇ ಲೆಕ್ಕವಿರುತ್ತದೆ.