ಕೆಲಸ ಮುಗಿದ ಮೇಲೆ ಸಿಡಿಯುವ ಉಪಗ್ರಹಗಳು

ಸರಗೂರಿನ ಸುತ್ತಲ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆದು ಮುಗಿಸಿದ ರೈತ, ಗಾಳಿ ತುಂಬಿದ ಸ್ಪ್ರೇಯರನ್ನು ಹಾಗೆಯೇ ಬಿಸಿಲಿನಲ್ಲಿ ಇಡಬಾರದು. ಮೊದಲು ಒಳಗಿನ ಗಾಳಿ ಬಿಡಬೇಕು, ಉಳಿದ ಔಷಧಿ ಖಾಲಿ ಮಾಡಬೇಕು. ಇದೇ ಎಚ್ಚರಿಕೆ ಬಾಹ್ಯಾಕಾಶದಲ್ಲೂ ಬೇಕೆಂಬುದನ್ನು 2001ರ ಘಟನೆಯೊಂದು ನಮ್ಮ ದೇಶಕ್ಕೆ ಮನವರಿಕೆ ಮಾಡಿಕೊಟ್ಟಿತು.

ಆ ವರ್ಷದ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟು ಮೂರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ರಾಕೆಟ್ಟಿನ ಕೆಲಸ ಅಲ್ಲಿಗೆ ಮುಗಿದರೂ ಅದರ ನಾಲ್ಕನೆಯ ಹಂತ ಭೂಮಿಯನ್ನು ಸುತ್ತುತ್ತಲೇ ಇತ್ತು. ಡಿಸೆಂಬರ್ 19ರಂದು ಅದು ಸಿಡಿದು 300ಕ್ಕೂ ಹೆಚ್ಚು ಚೂರುಗಳಾಯಿತು.

ಕಾರಣವೇನಿರಬಹುದು? ಈ ಹಂತದಲ್ಲಿ ಇಂಧನವೂ ಅದನ್ನು ಉರಿಸುವ ಉತ್ಕರ್ಷಣಕಾರಿಯೂ ಬೇರೆ ಬೇರೆ ತೊಟ್ಟಿಗಳಲ್ಲಿರುತ್ತವೆ. ಇವೆರಡೂ ಕೂಡಿದರೆ ಸಾಕು, ಕಿಡಿಯೇ ಬೇಡ, ತಾವಾಗಿ ಹೊತ್ತಿಕೊಳ್ಳುತ್ತವೆ. ಬಿಸಿಲು ನೆರಳುಗಳಲ್ಲಿ ಕಾದು ತಣಿಯುತ್ತಾ ತೊಟ್ಟಿ ದುರ್ಬಲವಾದರೆ, ಒಳಗಿನ ಒತ್ತಡವೇ ಅದನ್ನು ಸೀಳಬಹುದು.

ಉಪಗ್ರಹಗಳಿಗೂ ಇದೇ ಅಪಾಯ ಉಂಟು. ಅವುಗಳಲ್ಲಿ ಬ್ಯಾಟರಿಯೂ ಸಿಡಿಯಬಹುದು. 2015ರ ಫೆಬ್ರವರಿಯಲ್ಲಿ ಅಮೆರಿಕದ ಹವಾಮಾನ ಉಪಗ್ರಹವೊಂದು ಚೂರಾದದ್ದು ಹೀಗೆಯೇ. ಮೂರನೆಯ ಕಾರಣ ಡಿಕ್ಕಿ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಕೆಡದೆ ದುಡಿಯುತ್ತಿದ್ದ ಇರಿಡಿಯಂ-33 ಉಪಗ್ರಹಕ್ಕೆ ಕೆಟ್ಟುಹೋಗಿದ್ದ ರಷ್ಯದ ಕಾಸ್ಮೋಸ್-2251 ಬಡಿಯಿತು. ಎರಡೂ ನುಚ್ಚುನೂರಾದವು. ಇನ್ನು ಬೇಕೆಂದೇ ಹೊಡೆದುರುಳಿಸುವುದು ನಾಲ್ಕನೆಯದು. ಚೀನಾ 2007ರಲ್ಲಿ, ಭಾರತ 2019ರಲ್ಲಿ ತಂತಮ್ಮ ಉಪಗ್ರಹಗಳ ಮೇಲೆ ಕ್ಷಿಪಣಿ ಪ್ರಯೋಗಿಸಿದ್ದವು.

ಅಷ್ಟು ಎತ್ತರದಲ್ಲಿ ಏನೋ ಒಡೆದರೆ ನಮಗೇನು ಎಂದು ಮಕ್ಕಳು ಕೇಳಬಹುದು. ಚಲನಶಕ್ತಿಯ ಸೂತ್ರ ಹಾಕಿ ನೋಡಲಿ: ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಬಡಿಯುವ 10 ಗ್ರಾಂ ಚೂರಿನ ಶಕ್ತಿ 5 ಲಕ್ಷ ಜೂಲ್. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ 10 ಟನ್ ತೂಕದ ಲಾರಿಗೂ ಅಷ್ಟೇ ಶಕ್ತಿ! ಹವಾಮಾನ ವರದಿ, ಟಿ.ವಿ., ದಾರಿ ತೋರುವ ಸಂಕೇತ ಎಲ್ಲವನ್ನೂ ಕೊಡುವ ಉಪಗ್ರಹಗಳು ಇಂತಹ ಚೂರುಗಳ ನಡುವೆಯೇ ಸಂಚರಿಸಬೇಕು. ಕೆಳಗಿನ ಕಕ್ಷೆಯ ಚೂರುಗಳು ವಾಯುಮಂಡಲಕ್ಕೆ ಇಳಿದು ಬೇಗ ಉರಿದುಹೋಗುತ್ತವೆ. ಮೇಲಿನವು ಹತ್ತಾರು, ನೂರಾರು ವರ್ಷ ಉಳಿಯುತ್ತವೆ.

ಪರಿಹಾರ ರೈತನ ಸ್ಪ್ರೇಯರಿನದೇ. 2001ರ ಘಟನೆಯ ಬಳಿಕ ಇಸ್ರೋ, ಕೆಲಸ ಮುಗಿದ ಮೇಲೆ ನಾಲ್ಕನೆಯ ಹಂತದಲ್ಲಿ ಉಳಿದ ಇಂಧನವನ್ನೂ ಒತ್ತಡವನ್ನೂ ಹೊರಬಿಡುವ ಕ್ರಮ ತಂದಿತು. 2030ರೊಳಗೆ ಭಾರತದ ಬಾಹ್ಯಾಕಾಶ ಯಾನಗಳೆಲ್ಲ ಕಸವಿಲ್ಲದಂತಿರಬೇಕು ಎಂಬ ಗುರಿಯನ್ನು 2024ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆಯಲ್ಲಿ ಪ್ರಕಟಿಸಿತು. ಉಪಗ್ರಹವನ್ನು ಮೇಲೇರಿಸುವುದು ಅರ್ಧ ಕೆಲಸ. ಬಳಸಿದ್ದನ್ನು ಖಾಲಿ ಮಾಡಿ ಇಡುವುದು ಉಳಿದರ್ಧ.