ಪಿಂಪ್ರಿ ಮಣ್ಣಿನ ಮದ್ದು

ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಮಾತಿದು. ಇಲ್ಲಿನ ಕೆಂಪು ಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಘಮ ಮಣ್ಣಿನದೇ ಎಂದುಕೊಳ್ಳುತ್ತೇವೆ. ಬಹುಪಾಲು ಅದು ಮಣ್ಣೊಳಗಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲದ್ದು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬಂದದ್ದು ಈ ಕುಲದಿಂದಲೇ. ಆ ಔಷಧಗಳು ಮಾಡಿಟ್ಟ ಒಂದು ಫಜೀತಿಗೆ ಮದ್ದು ಸಿಕ್ಕಿದ್ದೂ ಇದೇ ಕುಲದಲ್ಲಿ. ಹುಡುಕಿದವರಲ್ಲಿ ನಮ್ಮ ಕಡೆಯವರೊಬ್ಬರಿದ್ದರು.

1948ರಲ್ಲಿ ಟೆಟ್ರಾಸೈಕ್ಲಿನ್ ಬಳಗದ ಆರಿಯೊಮೈಸಿನ್ ಬಂದಾಗ, ಹತ್ತಾರು ರೋಗಕ್ಕೆ ಒಂದೇ ಮಾತ್ರೆ ಎಂಬ ಸಂಭ್ರಮ. ಅದರ ಬೆನ್ನಿಗೇ ವೈದ್ಯರು ಬೇರೊಂದನ್ನು ಕಂಡರು: ಜ್ವರ ಇಳಿದವರ ನಾಲಿಗೆ ಮೇಲೆ ಒಡೆದ ಹಾಲಿನಂಥ ಬಿಳಿ ಪದರ, ಭೇದಿ, ತೊಡೆಸಂದಿಯಲ್ಲಿ ಕೆಂಪಗೆ ಕಡಿತ. ಕರುಳಿನಲ್ಲೂ ಚರ್ಮದ ಮೇಲೂ ಕೋಟ್ಯಂತರ ಬ್ಯಾಕ್ಟೀರಿಯಾ ನಮ್ಮ ಜತೆ ಸಂಸಾರ ಹೂಡಿರುತ್ತವೆ. ಮಾತ್ರೆಗೆ ತನ್ನವರು, ಪರರು ಗೊತ್ತಿಲ್ಲ. ಅವು ಸತ್ತು ತೆರವಾದ ಜಾಗಕ್ಕೆ ಮೂಲೆಯಲ್ಲಿದ್ದ ಕ್ಯಾಂಡಿಡಾ ನುಗ್ಗುತ್ತದೆ. ಅದು ಶಿಲೀಂಧ್ರ. ಬ್ಯಾಕ್ಟೀರಿಯಾ ಕೊಲ್ಲುವ ಔಷಧದಿಂದ ಅದರ ಕೂದಲೂ ಕೊಂಕದು.

1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬಿಬ್ಬರು ಹೊಲವೊಂದರ ಮಣ್ಣಿನಿಂದ ಶಿಲೀಂಧ್ರ ಕೊಲ್ಲುವ ನಿಸ್ಟಾಟಿನ್ ತೆಗೆದರು. ನ್ಯೂಯಾರ್ಕ್ ಸ್ಟೇಟ್‌ನ ಪ್ರಯೋಗಾಲಯದವರಾದ್ದರಿಂದ ಆ ಹೆಸರು.

ನಮ್ಮಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಹುಟ್ಟಿತು. ಪೆನಿಸಿಲಿನ್ ತಯಾರಿಸುವುದು ಅದರ ಕಸುಬು. ಸಂಶೋಧನೆಯ ಹೊಣೆ ಹೊತ್ತವರಲ್ಲಿ ಎಂ.ಜೆ. ತಿರುಮಲಾಚಾರ್ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಅವರು ಬೆನ್ನುಹತ್ತಿದ್ದು ಗಿಡಗಳ ತುಕ್ಕುರೋಗ, ಕಾಡಿಗೆರೋಗಗಳನ್ನು. ಶಿಲೀಂಧ್ರದ ಜಾಡು ಬಲ್ಲ ಆ ಕಣ್ಣು ಪಿಂಪ್ರಿಯ ಮಣ್ಣಿನಲ್ಲೊಂದು ಸ್ಟ್ರೆಪ್ಟೊಮೈಸಿಸ್ ಹಿಡಿಯಿತು. ಊರಿನ ಹೆಸರೇ ಅದಕ್ಕಾಯಿತು, 'ಪಿಂಪ್ರಿನಾ'. ಅದು ಕೊಟ್ಟ ಮದ್ದಿಗೆ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳು: ಹ್ಯಾಮೈಸಿನ್. ಪೂರ್ತಿಯಾಗಿ ಭಾರತದಲ್ಲೇ ರೂಪುಗೊಂಡ ಮೊದಲ ಆ್ಯಂಟಿಬಯೋಟಿಕ್ ಇದು. ಆಮೇಲೆ ಚರ್ಮಕ್ಕೆ ಡರ್ಮೋಸ್ಟಾಟಿನ್, ಬೆಳೆಗಳಿಗೆ ಆರಿಯೊಫಂಗಿನ್ ಬಂದವು. ಹ್ಯಾಮೈಸಿನ್ ಜಾತಿಯ ಔಷಧ ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್‌ಗೆ ಅಂಟಿ ಪೊರೆಯನ್ನು ತೂತು ಮಾಡುತ್ತದೆ. ಕರುಳಿನ ಬ್ಯಾಕ್ಟೀರಿಯಾದಲ್ಲಿ ಆ ಪದಾರ್ಥವಿಲ್ಲ, ಹಾಗಾಗಿ ಅವು ಬಚಾವ್. ಪೆನಿಸಿಲಿನ್ ಕಾರ್ಖಾನೆಯೊಳಗೇ ಇಂಥದ್ದು ಹುಟ್ಟಿತಲ್ಲ, ನನಗೆ ಇಷ್ಟವಾಗುವುದು ಅದು.

ಪಿಂಪ್ರಿಯ ನಂಟು ನಮ್ಮ ಕಡೆಗೂ ಬಂತು: 1981ರಲ್ಲಿ ಅದೇ ಸಂಸ್ಥೆ ನಮ್ಮ ರಾಜ್ಯ ಸರ್ಕಾರದ ನಿಗಮದೊಡನೆ ಸೇರಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಟ್ಟಿತು. ಬೆಂಗಳೂರಿನ ಪೀಣ್ಯದಲ್ಲಿ ಅದರ ಕಾರ್ಖಾನೆ.

ಇಂದಿನ ಫಜೀತಿ ಬೇರೆ. ಶೀತಕ್ಕೆ ಕಾರಣ ವೈರಸ್. ಆದರೂ ಮೆಡಿಕಲ್ ಸ್ಟೋರ್ ಕಟ್ಟೆಗೆ ಒರಗಿ, 'ಅಣ್ಣಾ, ಸ್ವಲ್ಪ ಪವರ್ ಇರೋದೇ ಕೊಡಿ' ಎನ್ನುತ್ತೇವೆ. ಹುಳುಕಡ್ಡಿಗಂತೂ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಮುಲಾಮು. ಎರಡೇ ದಿನಕ್ಕೆ ಕಡಿತ ನಿಲ್ಲುತ್ತದೆ. ನಿಲ್ಲಿಸಿದ್ದು ಸ್ಟಿರಾಯ್ಡ್, ಶಿಲೀಂಧ್ರ ಒಳಗೊಳಗೇ ಹಬ್ಬುತ್ತಿರುತ್ತದೆ. ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೂ ಜಗ್ಗದ ಹುಳುಕಡ್ಡಿಯ ಶಿಲೀಂಧ್ರವೊಂದಕ್ಕೆ 2020ರಲ್ಲಿ ಇಟ್ಟ ಹೆಸರು 'ಟ್ರೈಕೊಫೈಟಾನ್ ಇಂಡೊಟಿನಿಯೆ'. ಇಂಡಿಯಾ ಅದರ ಹೆಸರಿನಲ್ಲೇ ಇದೆ.

ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೀಟಿದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ. ಮುಲಾಮು ಕೊಟ್ಟರೆ, ಹಚ್ಚುವ ಮೊದಲು ಒಂದು ಮಾತು ಕೇಳಿ: 'ಇದರಲ್ಲಿ ಸ್ಟಿರಾಯ್ಡ್ ಇದೆಯಾ?'